ಓಡುವ ಗಾಡಿಗೆ ನಡೆಯಲು ಕಲಿಸಿದ ಮಾವ

ನನ್ನ ಸೋದರಮಾವನಂಥ ಮೆಕ್ಯಾನಿಕ್ಕು ಕೊಳ್ಳೇಗಾಲ, ಯಳಂದೂರು, ಹನೂರು ಮೂರು ಊರು ಜಾಲಾಡಿದರೂ ಸಿಗುತ್ತಿರಲಿಲ್ಲ. ಕೆಟ್ಟು ನಿಂತ ಗಾಡಿಯನ್ನು ಓಡುವ ಹಾಗೆ ಮಾಡುವವರು ಬೇಕಾದಷ್ಟು ಜನ. ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಮಾವ ಚಿರತೆಯಂತೆ ಓಡುತ್ತಿದ್ದ ಗಾಡಿಯನ್ನು ಒಂದು ವರ್ಷ ಹೆಣಗಾಡಿ ಎಮ್ಮೆಯಂತೆ ನಡೆಯುವ ಹಾಗೆ ಮಾಡಿದವನು!

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆತನ. ಮಾವನೂ ಮಗ್ಗದಲ್ಲಿ ಕೂತವನೇ. ಆದರೆ ಅವನಿಗೆ ನೇಯುವುದಕ್ಕಿಂತ ಮಗ್ಗ ಬಿಚ್ಚಿ ಜೋಡಿಸುವುದೇ ಇಷ್ಟ. ಬಿಚ್ಚಿಟ್ಟ ಮಗ್ಗದಲ್ಲಿ ಸೀರೆ ಇಳಿಯುತ್ತದೆಯೇ? ಮನೆಯವರೇ ಕೈಮುಗಿದು ಅವನನ್ನು ಯಳಂದೂರಿನ ಒಂದು ಅಕ್ಕಿ ಮಿಲ್ಲಿಗೆ, ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಅಟ್ಟಿದರು. ಅರವತ್ತರ ದಶಕದ ಆರಂಭ. ಬಿಳಿಗಿರಿರಂಗನ ಬೆಟ್ಟದ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ದೊರೆಯೊಬ್ಬ ದೇಶ ಬಿಟ್ಟು ಹೊರಟಾಗ, ತನ್ನ ಜೀಪನ್ನು ಎಷ್ಟೋ ಸಲ ಬದುಕಿಸಿಕೊಟ್ಟ ಮಾವನಿಗೆ ತನ್ನ ಮೋಟಾರ್ ಸೈಕಲ್ ಕೊಟ್ಟುಹೋದ. ರೇಸಿಗೆಂದೇ ಹುಟ್ಟಿದ ಇಂಗ್ಲೆಂಡಿನ ಗಾಡಿ. ಹ್ಯಾಂಡಲ್ಲು ಎಷ್ಟು ಕೆಳಗಿತ್ತೆಂದರೆ, ಹಿಡಿದವನು ಟ್ಯಾಂಕಿಗೆ ಅಡ್ಡಬಿದ್ದ ಹಾಗೇ ಕಾಣುತ್ತಿದ್ದ. ಸೈಲೆನ್ಸರ್ ಅನ್ನುವುದು ಇರಲೇ ಇಲ್ಲ.

ಆ ಗಾಡಿಗೆ ಗೊತ್ತಿದ್ದದ್ದು ಎರಡೇ: ನಿಲ್ಲುವುದು, ಇಲ್ಲವೇ ಹಾರುವುದು. ಮೊದಲ ದಿನ ಮಾವ ಮುಳ್ಳೂರಿನ ಬೀಗರ ಮನೆಗೆ ಹೊರಟ. ಗಾಡಿ ಮುಳ್ಳೂರು ಮುಟ್ಟಿತು, ಮಾವನೂ ಮುಟ್ಟಿದ. ಪಂಚೆ ಮಾತ್ರ ದಾರಿಯ ಬೇಲಿಯಲ್ಲೇ ಉಳಿಯಿತು! ಬಾಗಿಲಿಗೆ ಬಂದ ಅಜ್ಜಿಯೊಬ್ಬಳು ಒಳಗೆ ತಿರುಗಿ ಕೂಗಿದಳಂತೆ: “ಬೀಗ್ರು ಬಂದವ್ರೆ, ಮೊದ್ಲು ಟವಲ್ ತಕಂಡ್ ಬನ್ನಿ!”

ಇನ್ನೊಂದು ದಿನ ಹಿಂದೆ ನಮ್ಮ ಅತ್ತೆಯನ್ನು ಕೂರಿಸಿಕೊಂಡು ಹನೂರಿನ ಕಡೆ ಹೊರಟ. ಕಾಮಗೆರೆಯಲ್ಲಿ ಹೇಗೋ ಗಾಡಿ ನಿಂತ ಕೂಡಲೇ ಅತ್ತೆ ಇಳಿದು, ಸೆರಗು ಸರಿಮಾಡಿಕೊಂಡು, “ನೀವ್ ಓಗಿ. ನಾನ್ ಬಸ್ಸಲ್ ಬತ್ತೀನಿ” ಅಂದಳು.

“ಯಾಕೆ? ಬೇಗ ಓಯ್ತೀವಲ್ಲ!”

“ಇದ್ಕೆ ಬೇಗ ಓಗೋದೊಂದ್ ಗೊತ್ತು. ಜೊತೇಲ್ ಓಗೋದ್ ಗೊತ್ತಿಲ್ಲ.”

ಮಾರನೆಯ ದಿನವೇ ಗಾಡಿ ನಮ್ಮ ಜಗಲಿಯ ಮೇಲೆ ಬಿಚ್ಚಿಕೊಂಡು ಬಿತ್ತು. ಮಾರಿಬಿಡು ಎಂದು ಬೀದಿಯವರೆಲ್ಲ ಹೇಳಿದರು. “ಅದ್ರದ್ದೇನ್ರಪ್ಪ ತಪ್ಪು? ಓಡೋದೇ ಬದುಕು ಅಂತ ಅದ್ಕೆ ಹೇಳ್ಕೊಟ್ಟವ್ರೆ” ಎಂದು ಮಾವ ಸ್ಪ್ಯಾನರ್ ಕೈಗೆತ್ತಿಕೊಂಡ. ನೋಡಲು ಬಂದ ನೇಕಾರರಿಗೆ ಪಾಠವೂ ಆಗುತ್ತಿತ್ತು. “ಮಗ್ಗದಲ್ಲಿ ಎಳೆ ಎತ್ತೋದು, ಇಳ್ಸೋದು ಇಲ್ವಾ? ಅಂಗೇ ಕಣ್ಲಾ, ಇಲ್ಲಿ ಈ ಕ್ಯಾಮು ವಾಲ್ವ ಎತ್ತಿ ಇಳುಸ್ತದೆ. ಇವನು ಎತ್ತಿದ್ರೆ ಇಳ್ಸಾಕೇ ಒಲ್ಲ. ಇವನ್ನ ತೆಗ್ದು ಸಮಾಧಾನದವನ್ನ ಕೂರುಸ್ಬೇಕು.” ಸಮಾಧಾನದ ಕ್ಯಾಮು ಎಲ್ಲೋ ಗುಜರಿಯಲ್ಲಿ ಸಿಕ್ಕಿತು. ದೊಡ್ಡ ಬಾಯಿಯ ಕಾರ್ಬುರೇಟರ್ ಹೋಗಿ ಸಣ್ಣ ಬಾಯಿಯದು ಬಂತು. ಹಿಂದಿನ ಹಲ್ಲುಚಕ್ರ ದೊಡ್ಡದಾಯಿತು. ಹ್ಯಾಂಡಲ್ಲು ಎದೆಯ ಮಟ್ಟಕ್ಕೆ ಎದ್ದಿತು. ಸೈಲೆನ್ಸರೂ ಬಂತು, ಅದೂ ಟ್ರ್ಯಾಕ್ಟರಿನದು.

ಆದರೂ ಎಂಜಿನ್ನಿನ ರೋಷ ಇಳಿಯಲಿಲ್ಲ. ಒಳಗೆ ಪಿಸ್ಟನ್ನು ಪೆಟ್ರೋಲಿನ ಹಬೆಯನ್ನು ವಿಪರೀತ ಒತ್ತುತ್ತಿತ್ತು. ಸಿಲಿಂಡರಿನ ಅಡಿಗೊಂದು ದಪ್ಪ ಬಿಲ್ಲೆ ಕೊಟ್ಟು ಎತ್ತರಿಸಿದರೆ ಜಾಗ ಸಡಿಲವಾಗಿ ಒತ್ತಡ ಇಳಿಯುತ್ತದೆ ಎಂದು ಮಾವ ಲೆಕ್ಕ ಹಾಕಿದ. ಅಂಥ ಬಿಲ್ಲೆ ಎಲ್ಲಿ ಸಿಕ್ಕಿತೋ ನಮಗೆ ಗೊತ್ತಿರಲಿಲ್ಲ. ಗೌರಿ ಹಬ್ಬದ ಬೆಳಿಗ್ಗೆ ಅತ್ತೆ ಮನೆಯೆಲ್ಲ ಹುಡುಕಿ ಕೇಳಿದಳು: “ನಮ್ಮ ತವ್ರುಮನೆ ತಾಮ್ರದ ಹರಿವಾಣ ಎಲ್ರೀ?”

ಮಾವ ಗಾಡಿಯ ಕಡೆ ಬೆರಳು ತೋರಿಸಿದ. “ಅದ್ರೊಳಗದೆ. ಅಲ್ಲೇ ಅರಿಶ್ನ ಕುಂಕುಮ ಇಟ್ಬುಡು.”

ಅತ್ತೆ ಮೂರು ದಿನ ಮಾತು ಬಿಟ್ಟಳು. ಹರಿವಾಣ ಮಾತ್ರ ಕೆಲಸ ಮಾಡಿತು! ಗಾಡಿ ಈಗ ‘ಡುಗ್’ ಎಂದರೆ, ಮುಂದಿನ ‘ಡುಗ್’ ಬರುವುದರೊಳಗೆ ಎಲೆಗೆ ಸುಣ್ಣ ಹಚ್ಚಬಹುದಿತ್ತು. ಯಳಂದೂರಿನ ದಾರಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಮಾವನನ್ನು ಹಿಂದೆ ಹಾಕಿ, ಪಾಪ, ಕನಿಕರದಿಂದ ನಿಂತು ಕೇಳಿದ:

“ಕೆಟ್ಟೋಯ್ತಾ ಸಾ?”

“ಇಲ್ಲ ಕಣ್ಲಾ. ಈಗ್ ಸರಿಯಾಯ್ತು!”

ಸುದ್ದಿ ಮೈಸೂರಿಗೂ ಮುಟ್ಟಿತು. ಕಪ್ಪು ಕನ್ನಡಕ, ಚರ್ಮದ ಕೋಟಿನ ರೇಸಿನವನೊಬ್ಬ ಗಾಡಿ ನೋಡಲು ಬಂದ. ನೋಡಿದ. ಟ್ರ್ಯಾಕ್ಟರಿನ ಸೈಲೆನ್ಸರ್ ಮುಟ್ಟಿ ಕಣ್ಣಲ್ಲಿ ನೀರು ತಂದುಕೊಂಡ. “ಇಂಥಾ ಗಾಡೀನ ಕೊಂದುಬಿಟ್ಟಿದ್ದೀರಲ್ರೀ!”

“ಕೊಂದಿಲ್ಲ ಸಾ, ಮದ್ವೆ ಮಾಡಿದೀನಿ” ಅಂದ ಮಾವ.

ಅಷ್ಟು ಹೊತ್ತಿಗೆ ನಾನು ಓದು ಮುಗಿಸಿ ಹನೂರಿನ ಶಾಲೆಯಲ್ಲಿ ಟೀಚರಾಗಿದ್ದೆ. ಅಲ್ಲೇ ಒಂದು ರೂಮು, ಶನಿವಾರ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಅವ್ವನ ಹತ್ತಿರ. ಒಂದು ಬುಧವಾರ ಪಾಠ ನಡೆಯುತ್ತಿರುವಾಗ ಮಾವ ಬಾಗಿಲಲ್ಲಿ ನಿಂತಿದ್ದ. ತಲೆ ತುಂಬ ಧೂಳು. “ಅಕ್ಕಂಗೆ ಉಷಾರಿಲ್ಲ. ಬಾ ಮಗಾ, ಓಗುವ” ಅಂದ. ನಾನು ಸೀಮೆಸುಣ್ಣ ಹಿಡಿದುಕೊಂಡೇ ಗಾಡಿ ಹತ್ತಿದೆ.

ಆವತ್ತಿನಷ್ಟು ನಿಧಾನ ಮಾವ ಎಂದೂ ಗಾಡಿ ಬಿಟ್ಟಿರಲಿಲ್ಲ. ಎತ್ತಿನ ಗಾಡಿಯ ಹಿಂದೆ ಎತ್ತಿನ ಗಾಡಿಯಂತೆಯೇ ಹೋದ. ನಡುದಾರಿಯಲ್ಲಿ ನಿಲ್ಲಿಸಿ ಬಲವಂತವಾಗಿ ಟೀ ಕುಡಿಸಿದ. ಮತ್ತೆ ಹತ್ತಿದರೆ ಅವ್ವನ ಕತೆ ತೆಗೆದ: ಚಿಕ್ಕವಳಿದ್ದಾಗ ಅವಳು ಇವನ ಪಾಲಿನ ನೂಲನ್ನೂ ತಾನೇ ಸುತ್ತಿಕೊಟ್ಟು ಆಡಲು ಬಿಡುತ್ತಿದ್ದಳಂತೆ. ಇವನು ಹೊಳೆಗೆ ಬಿದ್ದಾಗ ಈಜು ಬಾರದಿದ್ದರೂ ಹಿಂದೆಯೇ ಧುಮುಕಿದ್ದಳಂತೆ. ನನಗೆ ಮೈಯೆಲ್ಲ ಉರಿಯಿತು. ಅವ್ವ ಮಲಗಿದ್ದಾಳೆ, ಇವನಿಗೆ ಕತೆ! “ಒಂದು ದಿನವಾದರೂ ಬೇಗ ಹೋಗಬಾರದೇ? ಕೆಲಸಕ್ಕೆ ಬಾರದ ಗಾಡಿ, ಕೆಲಸಕ್ಕೆ ಬಾರದ ಮನುಷ್ಯ!” ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ಬೆನ್ನು ಕೊಟ್ಟು ಎಲ್ಲ ಕೇಳಿಸಿಕೊಂಡ. ಗಾಡಿ ಮಾತ್ರ ಅದೇ ನಡಿಗೆಯಲ್ಲಿ ಹೋಯಿತು.

ಮನೆಯ ಮುಂದೆ ಜನ ತುಂಬಿದ್ದರು. ಅತ್ತೆ ಓಡಿಬಂದು ನನ್ನನ್ನು ಅಪ್ಪಿಕೊಂಡಳು. “ಬೆಳಿಗ್ಗೆ ಎಂಟಕ್ಕೇ ಓಗ್ಬುಟ್ರು ಕಣವ್ವ. ಬಸ್ಸಿನೋರ್ ಬಾಯಲ್ಲಿ ನಿಂಗೆ ಸುದ್ದಿ ತಿಳೀಬಾರ್ದು ಅಂತ ನಿಮ್ಮಾವ ಆಗ್ಲೇ ಓಡುದ್ರು.”

ನಾನು ತಿರುಗಿ ನೋಡಿದೆ. ಮಾವ ಇನ್ನೂ ಗಾಡಿಯಿಂದ ಇಳಿದಿರಲಿಲ್ಲ.

“ಗೊತ್ತಿದ್ದೂ ಹೇಳಲಿಲ್ಲವಲ್ಲ ಮಾವ…”

ಅವನು ತಲೆಯೆತ್ತದೆ ಅಂದ: “ಇನ್ನೊಂದೆರಡ್ ಗಂಟೆ ನಿಂಗೆ ಅವ್ವ ಇರ್ಲಿ ಅನ್ಕಂಡೆ ಮಗಾ.”