ಮಂಚಯ್ಯನ ಉಣ್ಣಿ ವೈದ್ಯ

ನಾಗಮಂಗಲದ ಮಂಚಯ್ಯನಿಗೆ ಗೊತ್ತಿಲ್ಲದ ನಾಯಿ ಕಾಯಿಲೆಯೇ ಇರಲಿಲ್ಲ. ಬೀದಿಯಲ್ಲಿ ಯಾರ ನಾಯಿ ಕುಂಯ್ ಎಂದರೂ ಕರೆಯದೆಯೇ ಹೋಗಿ ನಿಲ್ಲುತ್ತಿದ್ದ. "ಉಣ್ಣಿ ಕಚ್ಚುದ್ರೆ ಬೂದಿ ಬಳ್ದು ಬುಡ್ರಿ. ನಾಯಿಗೆಲ್ಲಾ ಡಾಕ್ಟ್ರಂತೆ, ಸೂಜಿಯಂತೆ!" ಎಂದು ನಗುತ್ತಿದ್ದ. ಅಂಥವನ ಮಾನ ಈಗ ಅವನ ಮನೆ ಜಗುಲಿಯ ಮೇಲೇ ಕಾಲು ಚಾಚಿ ಮಲಗಿತ್ತು.

ಅದು ಜಾನಿ. ಹೆಂಡತಿ ಚಿಕ್ಕಬೋರಮ್ಮ ಒಳಲೆಯಲ್ಲಿ ಹಾಲು ಕುಡಿಸಿ ಸಾಕಿದ ನಾಯಿ. ಬೆಳಗಿನ ಬಸ್ಸಿಗೆ ದೇವಲಾಪುರದ ಅಕ್ಕನ ಮನೆಗೆ ಹೊರಟವಳು, "ಸಂಜೆಗೆ ಬತ್ತೀನಿ, ಜಾನೀನ ನೋಡ್ಕಳಿ" ಎಂದಿದ್ದಳು. ಅವಳು ಹೋದ ಮೇಲೆ ಮಂಚಯ್ಯ ಮುದ್ದೆ ತಂದಿಟ್ಟರೆ ಜಾನಿ ಮೂಸಲೂ ಇಲ್ಲ. ಕೂಗಿದರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು.

ಗೋಡೆಯಾಚೆಯಿಂದ ಪಕ್ಕದ ಮನೆ ಕುಳ್ಳಮ್ಮ ಇಣುಕಿದಳು. "ಅಯ್ಯೋ, ನಮ್ಮಣ್ಣನ ನಾಯೀನೂ ಇಂಗೇ ಮಲಗ್ತು. ಉಣ್ಣಿಯಿಂದ ರಕ್ತಕ್ಕೆ ಕಾಯ್ಲೆ ಇಳ್ದು, ಮೂಗಲ್ಲಿ ರಕ್ತ ಬಂದು, ಸಂಜೆಗೆ ಓಗೇಬುಡ್ತು! ಚಿಕ್ಕಬೋರಿ ಬಂದು ಕೇಳುದ್ರೆ ಏನಂದೀಯಪ್ಪಾ?"

ಮಂಚಯ್ಯ ಬಗ್ಗಿ ಜಾನಿಯ ಮೂಗು ನೋಡಿದ. ದನದಾಸ್ಪತ್ರೆಗೆ ಹೊತ್ತೊಯ್ಯೋಣವೆಂದರೆ ಇಡೀ ಬೀದಿ ನಗುತ್ತದೆ. ಬಿಟ್ಟರೆ ಹೆಂಡತಿ ಬಿಡುವುದಿಲ್ಲ. ಆದರೆ ಮಂಚಯ್ಯನೆಂದರೆ ಸಾಮಾನ್ಯನೇ? ಬೆಳ್ಳೂರು ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಸೋಮಯ್ಯನ ಮನೆಯಲ್ಲಿ ಜಾನಿಯ ಒಡಹುಟ್ಟು ಇತ್ತು. ಅದೇ ಕಂದು ಮೈ, ಅದೇ ಬಾಲದ ಬಿಳಿ ತುದಿ. ಒಂದೇ ತಾಯಿಯ ಮಕ್ಕಳನ್ನು ಯಾರು ಗುರುತು ಹಿಡಿದಾರು?

ಜಾನಿಯನ್ನು ಗೋಣಿಚೀಲಕ್ಕೆ ತುಂಬಿ, ತಲೆಯಷ್ಟು ಹೊರಗೆ ಬಿಟ್ಟು, ಲೂನಾದ ಮುಂದೆ ಇಟ್ಟುಕೊಂಡು ಹೊರಟ. ದಾರಿಯುದ್ದಕ್ಕೂ ಜನಕ್ಕೆ ನೋಡಿ ನಗುವುದೇ ಕೆಲಸ. "ಏನ್ಲಾ ಮಂಚ, ನಾಯಿಗೆ ಎಣ್ಣು ನೋಡಕ್ಕೆ ಒಂಟ್ಯಾ?" ಎಂದ ಒಬ್ಬ. ಮಂಚಯ್ಯ ಗಂಭೀರವಾಗಿ ಹಾರ್ನ್ ಹೊಡೆದ.

ಪಂಕ್ಚರ್ ಅಂಗಡಿ ಮುಂದೆ ಇಳಿದವನೇ, "ಸೋಮಣ್ಣ, ನಮ್ದು ಸಾಧು ನಾಯಿ. ಗಿರಾಕಿ ಬಂದ್ರೆ ಬೊಗಳಾಕಿಲ್ಲ. ನಿನ್ ಅಂಗ್ಡಿಗೆ ಹೇಳಿ ಮಾಡ್ಸಿದಂಗದೆ. ಬದ್ಲಾಯಿಸ್ಕಳಾನಾ?" ಎಂದ.

ಸೋಮಯ್ಯ ಯೋಚಿಸಲೂ ಇಲ್ಲ. "ಆಯ್ತು ಕಣ್ ಮಂಚಣ್ಣ, ತಕಂಡೋಗು!"

ಮಂಚಯ್ಯ ಹೊಸ ನಾಯಿಯ ಹಲ್ಲು ನೋಡಿದ, ಬಾಲ ಎತ್ತಿ ನೋಡಿದ. "ಚೊಕ್ಕ ಚಿನ್ನ!" ಎಂದು ತೀರ್ಪು ಕೊಟ್ಟು ಚೀಲಕ್ಕೆ ಹಾಕಿಕೊಂಡ.

ಸಂಜೆ ಚಿಕ್ಕಬೋರಮ್ಮ ಬಂದಳು. ನಾಯಿ ಬಾಲ ಅಲ್ಲಾಡಿಸಲಿಲ್ಲ. ಅವಳು ಸುಮ್ಮನೆ ಅದರ ಕಿವಿ ಮಗುಚಿದಳು. ಒಳಗೆ ಹರಳು ಬೀಜದಂಥ ಉಣ್ಣಿಗಳು ಸಾಲಾಗಿ ಕಚ್ಚಿಕೊಂಡಿದ್ದವು.

"ಇದ್ಯಾವ್ ನಾಯಿ? ನನ್ ಜಾನಿ ಎಲ್ಲಿ?"

ಮಂಚಯ್ಯ ಎಲ್ಲ ಕಕ್ಕಿದ. ಚಿಕ್ಕಬೋರಮ್ಮ ಹಣೆ ಚಚ್ಚಿಕೊಂಡಳು. "ಜಾನಿಗೆ ಉಣ್ಣಿ ಕಾಯ್ಲೆ ಬಂದು ತಿಂಗ್ಳಾಯ್ತು! ನಿಮ್ಗೇಳುದ್ರೆ ಬೂದಿ ಬಳಿತೀರ ಅಂತ ನಾನೇ ಡಾಕ್ಟ್ರಿಗೆ ತೋರ್ಸಿ, ಮುದ್ದೇಲಿ ಮಾತ್ರೆ ಇಟ್ಟು ನುಂಗ್ಸಿದ್ದೆ. ಹತ್ತು ನಾಯಿ ಬಂದ್ರೆ ಆರಕ್ಕೆ ಇದೇ ಕಾಯ್ಲೆ, ಎದ್ರಬ್ಯಾಡ ಅಂದಿದ್ರು. ಮೊನ್ನೆ ಪೂರ್ತಿ ವಾಸಿಯಾಯ್ತು. ಬೆಳಿಗ್ಗೆ ಒಟ್ಟೆ ಬಿರಿಯಂಗೆ ತಿನ್ಸಿದ್ದೆ, ಅದ್ಕೇ ಮಲಗಿತ್ತು! ಜಾನಿ ಇಲ್ದೆ ಈ ಒಸ್ಲು ದಾಟ್ಬ್ಯಾಡಿ!"

ಮತ್ತೆ ಲೂನಾ, ಮತ್ತೆ ಗೋಣಿಚೀಲ. ಬೆಳ್ಳೂರು ಕ್ರಾಸಿನಲ್ಲಿ ಜಾನಿ ಸರಪಳಿ ಕಿತ್ತು ಬರುವಂತೆ ಕುಣಿದು ಅವನ ಮುಖ ನೆಕ್ಕಿತು. ಪಾಪ, ಮಂಚಯ್ಯನಿಗೆ ಅಳುವೇ ಬಂತು.

ಸೋಮಯ್ಯ ಮಾತ್ರ ನಗುತ್ತಿದ್ದ. "ನಮ್ದುಕ್ಕೂ ಉಣ್ಣಿ ಕಾಯ್ಲೆ ಅಂತ ಡಾಕ್ಟ್ರು ನೆನ್ನೇನೇ ಅಂದ್ರು. ದಿನಾ ಮಾತ್ರೆ ನುಂಗ್ಸಕ್ಕೆ ನಂಗೆಲ್ಲಣ್ಣ ಪುರುಸೊತ್ತು? ದೇವ್ರಂಗೆ ನೀನ್ ಬಂದೆ. ಅದ್ನ ವಾಸಿ ಮಾಡ್ಕಂಡ್ ಬಾ, ಜಾನೀನ ಬುಡ್ತೀನಿ."

ಮಂಚಯ್ಯ ಕೈಮುಗಿದ, ಗದರಿದ, ಕೊನೆಗೆ ಕಾಯಿಲೆ ನಾಯಿಯನ್ನೇ ಹೊತ್ತು ಹಿಂದಿರುಗಿದ. ಹೊಸಿಲಾಚೆ ಜಗುಲಿಯಲ್ಲೇ ಕುಳಿತು, ಗೋಡೆಯಾಚೆ ಕುಳ್ಳಮ್ಮ ನೋಡುತ್ತಿದ್ದಂತೆ, ಮುದ್ದೆಯಲ್ಲಿ ಸೋಮಯ್ಯ ಕೊಟ್ಟ ಮಾತ್ರೆ ಹುದುಗಿಸಿ ನಾಯಿಯ ಮುಂದಿಟ್ಟ. ನಾಯಿ ಮುದ್ದೆ ತಿಂದು, ಮಾತ್ರೆಯನ್ನು ಅವನ ಕಾಲ ಬಳಿ ಉಗಿಯಿತು.

ಚಿಕ್ಕಬೋರಮ್ಮ ಅವನ ತಟ್ಟೆಯನ್ನೂ ಜಗುಲಿಗೇ ತಂದಿಟ್ಟಳು. ಬಿಸಿ ಮುದ್ದೆ, ಸೊಪ್ಪಿನ ಸಾರು. ಮಂಚಯ್ಯ ಮುದ್ದೆಯನ್ನು ಎರಡಾಗಿ ಮುರಿದು, ದೀಪದ ಕಡೆ ಹಿಡಿದು, ಒಳಗೆ ಇಣುಕಿ ನೋಡಿದ.

"ನೆಮ್ಮದಿಯಾಗಿ ತಿನ್ನಿ, ಅದ್ರಲ್ಲಿ ಏನೂ ಇಟ್ಟಿಲ್ಲ," ಎಂದಳು ಚಿಕ್ಕಬೋರಮ್ಮ. "ನಿಮ್ ಕಾಯ್ಲೆಗೂ ಡಾಕ್ಟ್ರತ್ರ ಮಾತ್ರೆ ಕೇಳಿದ್ದೆ. ಇನ್ನೂ ಬಂದಿಲ್ವಂತೆ."