ಹೆಸರು ಕೂಗುವ ಫೋನು

ನಮ್ಮ ಸೋದರತ್ತೆಯ ಜೊತೆ ನಾಲ್ಕು ಜನರಿರುವ ಕಡೆ ಹೋಗಿ ಮಾನ ಉಳಿಸಿಕೊಂಡು ಬಂದವರು ಯಾರಾದರೂ ಇದ್ದರೆ ತಿಳಿಸಿ, ಹಾರ ಹಾಕಿ ಸನ್ಮಾನ ಮಾಡುತ್ತೇನೆ! ಅಪ್ಪನ ಅಕ್ಕ, ಗುಬ್ಬಿಯವರು. ಎಪ್ಪತ್ತು ದಾಟಿದ್ದರೂ ತೆಂಗಿನಕಾಯಿ ವ್ಯಾಪಾರಕ್ಕೆ ತಾವೇ ನಿಲ್ಲುತ್ತಾರೆ. ಮೊದಲೇ ದೊಡ್ಡ ಗಂಟಲು. ಅಂಥವರ ಕೈಗೆ ಹೊಸ ಫೋನು ಬಂದರೆ ಕೇಳಬೇಕೆ?

ತುಮಕೂರಿನ ಅಂಗಡಿಗೆ ಕರೆದುಕೊಂಡು ಹೋದ ಪಾಪಿ ನಾನೇ. ಅಂಗಡಿಯ ಹುಡುಗಿ ಕ್ಯಾಮೆರಾ, ಮೆಮೊರಿ, ಬ್ಯಾಟರಿ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರೆ ಅತ್ತೆ ತಡೆದರು.

"ಅದೆಲ್ಲಾ ಇರ್ಲಿ ಕಣಮ್ಮ. ಇದು ಮಾತಾಡ್ತದಾ?"

"ಫೋನ್ ಅಲ್ವಾ ಅಜ್ಜಿ, ಎಷ್ಟು ಬೇಕಾದ್ರೂ ಮಾತಾಡಿ."

"ನಾನಲ್ಲ ಕಣಮ್ಮ, ಅದು!"

ಅಂಗಡಿಯೇ ತಿರುಗಿ ನೋಡಿತು. ನಾನು ಚಾರ್ಜರ್‌ಗಳ ಕಡೆ ಮುಖ ಮಾಡಿ, ಈ ಅಜ್ಜಿ ಯಾರೋ ಏನೋ ಎಂಬಂತೆ ನಿಂತೆ. "ಏ, ಅಲ್ಲೇನ್ಲಾ ಮಾಡ್ತಿದೀಯ, ಬಾರ್ಲಾ ಇಲ್ಲಿ!" ಎಂಬ ಕೂಗು ಬಂತು. ಹೋದೆ. ಇನ್ನೇನು ಮಾಡಲಿ?

ಫೋನು ಮಾತಾಡಿತು. ಕರೆ ಬಂದರೆ ಸಾಕು, ಯಾರದೆಂದು ಅದೇ ಕೂಗಿ ಹೇಳುತ್ತಿತ್ತು. ಆದರೆ ಜನರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅತ್ತೆಗೆ ಎಲ್ಲಿ ಸಾಲುತ್ತದೆ! ತಮಗೆ ತೋಚಿದ್ದನ್ನೆಲ್ಲ ನನ್ನ ಮಗಳಿಗೆ ಹೇಳಿ ಸೇರಿಸಿಕೊಂಡರು. ಅವಳೂ ಅಜ್ಜಿಯ ಮೊಮ್ಮಗಳೇ, ನಗುತ್ತಾ ಸೇರಿಸಿಕೊಟ್ಟಳು.

ಅದರ ಫಲ ನೆಂಟರ ಮನೆಯ ಶಿವಪೂಜೆಯಲ್ಲಿ ಸಿಕ್ಕಿತು. ಎಲ್ಲರೂ ಕಣ್ಣು ಮುಚ್ಚಿ ಧ್ಯಾನದಲ್ಲಿದ್ದೆವು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಅತ್ತೆಯ ಸೊಂಟದಿಂದ ಹೆಣ್ಣುದನಿಯೊಂದು ಮೊಳಗಿತು: "ತೂಕದಲ್ಲಿ ಮೋಸ! ತೂಕದಲ್ಲಿ ಮೋಸ!" ಕೊಬ್ಬರಿ ವ್ಯಾಪಾರ ಮಾಡುವ ಮೂರು ನಾಲ್ಕು ಜನ ನೆಂಟರು ಒಟ್ಟಿಗೇ ಕಣ್ಣು ಬಿಟ್ಟರು. ನಾನು ಬಿಡಲೇ ಇಲ್ಲ. ಅಷ್ಟು ಹೊತ್ತು ಧ್ಯಾನ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

ಇದನ್ನೆಲ್ಲ ಸಹಿಸಬಹುದಿತ್ತು. ಕುಣಿಗಲ್‌ನಲ್ಲಿ ಆದದ್ದನ್ನು ಹೇಗೆ ಸಹಿಸಲಿ?

ಮಗಳಿಗೆ ಅಲ್ಲಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪಶುವೈದ್ಯ. ಮೊದಲು ಅತ್ತೆ, ನಾನು ಇಬ್ಬರೇ ಹೋಗಿ ಮನೆ ನೋಡಿ ಬಂದೆವು. ಹುಡುಗ ಡ್ಯೂಟಿಗೆ ಹೋಗಿದ್ದ. ಎರಡನೇ ಸಲ ಹುಡುಗಿಯನ್ನೂ ಕರೆದುಕೊಂಡು ಬನ್ನಿ ಎಂದರು. ಹೋದೆವು. ಹುಡುಗ ಎದುರಿಗೇ ಕೂತ. ಎಲ್ಲರ ಕೈಗೂ ಕಾಫಿ ಬಂತು. ಹುಡುಗನ ತಾಯಿ ಬಹಳ ಸೌಮ್ಯವಾಗಿ, "ಫೋಟೋ ಕಳಿಸ್ತೀನಿ ದೊಡ್ಡಮ್ಮ, ನಿಮ್ಮ ನಂಬರ್ ಇದೇ ತಾನೆ? ಒಂದು ರಿಂಗ್ ಕೊಡ್ತೀನಿ ನೋಡಿ," ಎಂದು ಒತ್ತಿದರು.

ಫೋನು ಕೂಗಿತು: "ಕುಣಿಗಲ್ ನೀರು ಕಾಫಿ! ಕುಣಿಗಲ್ ನೀರು ಕಾಫಿ!"

ಆ ತಾಯಿ ಕೈಯಲ್ಲಿದ್ದ ಲೋಟವನ್ನು ನೋಡಿದರು. ಹುಡುಗನ ತಂದೆ ಕೆಮ್ಮತೊಡಗಿದರು. ಅತ್ತೆ ಸಮಾಧಾನ ಮಾಡಲು ಹೊರಟರು. "ಸಕ್ಕರೆ ಮಾತ್ರ ಹದವಾಗಿತ್ತು ಕಣಮ್ಮ, ಅದನ್ನ ಸೇರಿಸಕ್ಕೆ ಮರ್ತ್‌ಬುಟ್ಟೆ."

ಆಮೇಲೆ ಅಲ್ಲಿ ಇದ್ದಷ್ಟು ಹೊತ್ತೂ ನಾನು ನೆಲದಿಂದ ಕಣ್ಣೆತ್ತಲಿಲ್ಲ. ಅವರ ಮನೆಯ ಟೈಲ್ಸಿನ ಹೂವು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸುತ್ತಾದರೂ ಸರಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೇ ಮನೆಗೆ ಹೋಗಬೇಕೆಂದು ಅತ್ತೆ ಹಠ ಮಾಡಿದರು. ಹೋಟೆಲಿನಲ್ಲಿ ಕೂತ ಕೂಡಲೇ ಅವರ ಕೈಯಿಂದ ಫೋನು ಕಿತ್ತುಕೊಂಡು, ಆ ಕೂಗಾಟವನ್ನು ಬಂದ್ ಮಾಡಿ ಕೊಟ್ಟೆ.

"ಮಗಳ ಮದುವೆ ಆಗ್ಬೇಕೋ ಬೇಡ್ವೋ? ಇನ್ಮೇಲೆ ಹೆಸರು ನೋಡ್ಕೊಂಡು ಫೋನ್ ಎತ್ತಿ, ಸಾಕು!"

ಇಡ್ಲಿ ಬರುವ ಮೊದಲೇ ಫೋನು ರಿಂಗಾಯಿತು. ಅತ್ತೆ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಓರೆಯಾಗಿ ಹಿಡಿದರು. ರಿಂಗಾಗಿ ಆಗಿ ನಿಂತೇಹೋಯಿತು.

"ಅಷ್ಟು ದಪ್ಪಕ್ಷರದಲ್ಲಿ ಬಂದಿದ್ಯಲ್ಲ ಅತ್ತೆ!"

"ಬಂದಿರ್ತದೆ ಕಣೋ," ಅವರ ದನಿ ಎಂದೂ ಇಲ್ಲದಷ್ಟು ಸಣ್ಣಗಾಗಿತ್ತು. "ನಂಗೆ ನಡುಮಧ್ಯ ಬರೀ ಕಪ್ಪು. ಅಂಚಿನಲ್ಲಿ ಒಂಚೂರು ಕಾಣ್ತದೆ. ಡಾಕ್ಟ್ರು ಇನ್ನು ವಾಪಸ್ ಬರಲ್ಲ ಅಂದವ್ರೆ. ನಿಮ್ಗೆಲ್ಲಾ ಹೇಳಿದ್ರೆ ಬಸ್ಸು ಹತ್ತಕ್ಕೆ ಬಿಡ್ತಿರ್ಲಿಲ್ಲ. ಅದುಕ್ಕೇ ಬುಡು ಅಂತ ಸುಮ್ನಿದ್ದೆ."

ಬೆಳಗಿನಿಂದ ಪಟ್ಟ ನಾಚಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಫೋನು ತೆಗೆದುಕೊಂಡು ನೋಡಿದೆ. ಕರೆ ಮಾಡಿದ್ದವರು ಹುಡುಗನ ತಾಯಿ. ನಾನೇ ತಿರುಗಿ ಮಾಡಿದೆ.

"ನಮ್ಮ ಯಜಮಾನ್ರು ಇನ್ನೂ ನಗ್ತಾನೇ ಅವ್ರೆ," ಎಂದರು ಅವರು. "ಮನಸಿನಲ್ಲಿರೋದನ್ನ ಮುಖದ ಮೇಲೇ ಹೇಳೋ ಜನ, ಹೆಣ್ಣು ತರ್ಬೋದು ಅಂತವ್ರೆ. ನಮ್ಗೆ ಒಪ್ಪಿಗೆ. ನಿಮ್ಮ ಹುಡುಗಿ ಏನಂತಾಳೆ?"

ಕೇಳಿ ಹೇಳುತ್ತೇನೆಂದು ಇಟ್ಟೆ. ಮಗಳು ತಲೆ ತಗ್ಗಿಸಿ ಕೂತಿದ್ದಳು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

"ಅವಳನ್ನ ಕೇಳೋಕ್ ಮುಂಚೆ ನಂಗೊಂಚೂರು ಹೇಳೋ. ಹುಡುಗನ ದನಿ ಚೆನ್ನಾಗದೆ. ಮುಖ ಹೆಂಗದೆ?"

ಏನು ಹೇಳಲಿ? ಟೈಲ್ಸ್ ನೋಡುತ್ತಾ ಕೂತಿದ್ದವನು ಹುಡುಗನ ಮುಖವನ್ನು ನೋಡಿಯೇ ಇರಲಿಲ್ಲ!

"ನಗುವಾಗ ಬಲಗೆನ್ನೆಯಲ್ಲಿ ಗುಳಿ ಬೀಳುತ್ತೆ ಅಜ್ಜಿ," ಎಂದಳು ಮಗಳು. "ಒಂದು ಹುಬ್ಬು ಇನ್ನೊಂದಕ್ಕಿಂತ ಸ್ವಲ್ಪ ಮೇಲಿದೆ. ಕಿವಿ ಹಿಂದೆ ಒಂದು ಸಣ್ಣ ಮಚ್ಚೆ. ಫೋನು ಹಾಗೆ ಕೂಗಿದಾಗ ನಿಮಗೆ ಬೇಜಾರಾಗುತ್ತೇನೋ ಅಂತ ನಿಮ್ಮನ್ನೇ ನೋಡ್ತಿದ್ರು."

ಅತ್ತೆ ತಡವುತ್ತಾ ಹೋಗಿ ಅವಳ ಕೆನ್ನೆ ಮುಟ್ಟಿದರು.

"ಬುಡ್ಲಾ," ಎಂದರು ನನಗೆ, "ಅವಳನ್ನ ಇನ್ನೇನೂ ಕೇಳ್ಬೇಡ."