ಗಟಾರದ ಗುಣಗಾನ

ಗಟಾರದ ನೀರು ಅಡುಗೆಮನೆಗೆ ನುಗ್ಗಿದ ಮುಂಜಾನೆ ಜ್ಞಾನದೇವ ಮಾಸ್ತರರ ಸಿಟ್ಟು ನೆತ್ತಿಗೇರಿತು. ಪಂಚಾಯ್ತಿ ಮೆಂಬರ್ ಮುರಗೆಪ್ಪ ಹೋದ ತಿಂಗಳಷ್ಟೇ ಕಟ್ಟಿಸಿದ ಗಟಾರ ಅದು. ಕೃಷ್ಣಾ ದಂಡೆಯ ಅಂಕಲಿ ದಾಟಿದರೆ ಸಿಗುವ ಆ ಸಣ್ಣ ಊರಲ್ಲಿ ನೀರು ಹೊರಗೆ ಹೋಗುವ ಬದಲು ಮನೆಮನೆಗೂ ಬರುತ್ತಿತ್ತು.

"ಕಾಲೇಜಿನ್ಯಾಗ ದಿನಾ ಭಾಷಣ ಮಾಡ್ತೀರಿ. ಇದಕ್ಕೂ ಏನರ ಮಾಡ್ರಿ," ಎಂದಳು ಹೆಂಡತಿ ಸಾರಿಕಾ, ನೀರು ಬಳಿಯುತ್ತ.

ಕನ್ನಡ ಕಲಿಸುವ ಮಾಸ್ತರರು ಹಿಂದಿನ ದಿನವಷ್ಟೇ ವ್ಯಂಗ್ಯದ ಪ್ರಕಾರಗಳ ಪಾಠ ಮಾಡಿದ್ದರು. ಊರಿನ ವಾಟ್ಸಾಪ್ ಗ್ರೂಪಿಗೆ ಹಲ್ಲು ಕಚ್ಚಿ ಬರೆದರು: 'ಕೃಷ್ಣಾ ನದಿಯನ್ನೇ ನಮ್ಮ ಒಲೆಯ ಮುಂದೆ ತಂದ ಮುರಗೆಪ್ಪನವರಿಗೆ ಜಯವಾಗಲಿ!'

ಮೊದಲು ಬಂದವಳು ನೆರೆಮನೆಯ ಅಕ್ಕವ್ವ. "ನಮ್ಮ ಮನ್ಯಾಗ ಹುಳ ಹರದಾಡಾಕತ್ತಾವ, ನೀವು ಆ ಮುರಗೆಪ್ಪನ್ನ ಹೊಗಳತೀರಿ? ಏನ್ ಕೊಟ್ಟಾನ್ರಿ ನಿಮಗ?"

"ಅದು ವ್ಯಂಗ್ಯ, ಅಕ್ಕವ್ವ. ಬಾಯಾಗ ಒಂದು ಅನ್ನೂದು, ಮನಸಿನ್ಯಾಗ ಉಲ್ಟಾ ಇರೂದು."

"ಅದಕ್ಕ ಸುಳ್ಳ ಅಂತಾರ್ರಿ."

"ಇನ್ನೊಂದು ಸನ್ನಿವೇಶದ ವ್ಯಂಗ್ಯ. ಗಟಾರ ಕಟ್ಟಿದ್ದು ನೀರು ಹೊರಗ ಹೋಗ್ಲಿ ಅಂತ, ಬಂದದ್ದು ಒಳಗ."

"ಅದಕ್ಕ ಕಳ್ಳತನ ಅಂತಾರ!"

"ಮೂರನೇದು ನಾಟಕೀಯ ವ್ಯಂಗ್ಯ. ಊರಿಗೆಲ್ಲಾ ಗೊತ್ತೈತಿ, ಮುರಗೆಪ್ಪಗಷ್ಟ ಗೊತ್ತಿಲ್ಲ."

"ಅವಂಗೂ ಗೊತ್ತೈತ್ರಿ," ಎಂದು ಅಕ್ಕವ್ವ ಸೆರಗು ಝಾಡಿಸಿ ಹೋದಳು.

ಗ್ರೂಪಿನ ಹೊಗಳಿಕೆ ಓದಿ ಉಬ್ಬಿದ ಮುರಗೆಪ್ಪ ಮಧ್ಯಾಹ್ನ ಮಂದಿ ಕೂಡಿಸಿ, ಮೈಕು ಹಚ್ಚಿಸಿ, ಮಾಸ್ತರರನ್ನು ಕರೆಸಿ, ಶಾಲು ಹೊದಿಸಿಯೇಬಿಟ್ಟ. "ನನ್ನ ಕೆಲಸ ಓದಿದವರಿಗಷ್ಟ ತಿಳೀತೈತಿ. ಎರಡ ಮಾತ ಹೇಳ್ರಿ ಸರ್."

ಮಾಸ್ತರರು ಕುಕ್ಕರಿನಂತೆ ಸಿಡಿದರು. "ಈ ಗಟಾರ ನಾಚಿಕಿಗೇಡು! ಇಳಿಜಾರು ನೋಡದ ಕಟ್ಟ್ಯಾರ. ಇದನ್ನ ಒಡದು ಮತ್ತ ಕಟ್ಟಬೇಕು!"

ಆಗ ಅಕ್ಕವ್ವ ಎದ್ದು ಕೂಗಿದಳು: "ನಂಬಬ್ಯಾಡ್ರಿ! ಅವರ ಮನಸಿನ್ಯಾಗ ಉಲ್ಟಾ ಇರತೈತಿ. ಮುಂಜಾನಿ ಅವರ ಹೇಳ್ಯಾರ!"

"ಓಹೋ, ಹಂಗ!" ಎಂದು ಮುರಗೆಪ್ಪ ಹೊಟ್ಟೆ ಹಿಡಿದು ನಕ್ಕ. ಮಂದಿಯೂ ನಕ್ಕು ಚಪ್ಪಾಳೆ ಹೊಡೆದರು. "ವಾ ಸರ್, ಏಕ್ ನಂಬರ್!"

"ಅಲ್ರೋ, ಖರೇನ ಅನ್ನಾಕತ್ತೀನಿ!" ಎಂದು ಮಾಸ್ತರರು ಮೈಕು ಗುದ್ದಿದರು. ನಗೆ ಇನ್ನೂ ಜೋರಾಯಿತು. ಅವರು ರಸ ಹಿಂಡಿದ ಕಬ್ಬಿನ ಸಿಪ್ಪೆಯಂತಾದರು.

ಖುಷಿಯಲ್ಲಿ ಮುರಗೆಪ್ಪ ಗಟಾರಕ್ಕೆ ಅವರ ಹೆಸರನ್ನೇ ಘೋಷಿಸಿದ. ಸಂಜೆಯೊಳಗೆ ಗಟಾರದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ಜ್ಞಾನದೇವ ಮಾಸ್ತರ ಗಟಾರ' ಎಂದು ಬರೆದೂ ಆಯಿತು.

ಮಾಸ್ತರರು ಕಟ್ಟೆಯ ಮೇಲೆ ಕೂತು ಕುದಿಯುತ್ತಿದ್ದಾಗ ಬೈಕಿನಲ್ಲಿ ಇಬ್ಬರು ಹೋದರು.

"ಮೂಗ ಮುಚ್ಕೋಲೇ," ಎಂದ ಮುಂದಿನವ. "ಜ್ಞಾನದೇವ ಮಾಸ್ತರ ನಾರಾಕತ್ತಾರ!"